ಎರಡನೆಯ ಬ್ರೇಕ್

ಹಾಲು ಮುಗಿದಿದೆ ಎಂದು ಅತ್ತೆ ಅಡುಗೆಮನೆಯಿಂದ ಕೂಗಿ ಹೇಳಿದಾಗ ಅವನು ಹಜಾರದ ಕಿಟಕಿಯ ಬಳಿ ನಿಂತು ಕೆಳಗಿನ ರಸ್ತೆಯ ತಿರುವುಗಳನ್ನು ಎಣಿಸುತ್ತಿದ್ದ. ಬಾಡಿಗೆ ಮನೆಯ ಗೇಟಿನಿಂದ ಕೆರೆಯ ದಂಡೆಯ ದೋಣಿಕಟ್ಟೆಯವರೆಗೆ ಏಳು ತಿರುವು. ನಾಲ್ಕನೆಯದರಲ್ಲಿ ಎತ್ತರದ ಕಲ್ಲುಗೋಡೆಯೊಂದು ಅಡ್ಡ ಬಂದು, ಆಚೆಯಿಂದ ಬರುವವರು ಮೂಗಿನ ತುದಿಗೆ ಬರುವ ತನಕ ಕಾಣುತ್ತಿರಲಿಲ್ಲ. ನಿನ್ನೆ ಇಲ್ಲಿಗೆ ಬರುವಾಗಲೇ ಅವನು ಅದನ್ನು ಗಮನಿಸಿದ್ದ. ಮುಂದೆ ನಾದಿನಿಯ ಬಿಳಿ ಕಾರು, ಅದರಲ್ಲಿ ಅತ್ತೆ ಮತ್ತು ಅವನ ಹನ್ನೊಂದು ವರ್ಷದ ಮಗಳು. ಹಿಂದೆ ತನ್ನ ಕಾರಿನಲ್ಲಿ ಅವನು, ಹೆಂಡತಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಅವನ ಕಾಲೇಜು ದಿನಗಳ ಗೆಳೆಯ, ದಂತವೈದ್ಯ. ತೊಂಬತ್ತಾರು ಕಿಲೋಮೀಟರ್ ದಾರಿಯುದ್ದಕ್ಕೂ ಅವನು ಮುಂದಿನ ಕಾರಿನ ಹಿಂಬದಿಯ ಕೆಂಪು ದೀಪಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ದೀಪ ಹೊತ್ತಿಕೊಳ್ಳುವುದು ಕ್ಷಣ ತಡವಾದರೂ ಅವನ ಬಲಗಾಲು ತಾನಾಗಿ ಒತ್ತುತ್ತಿತ್ತು, ಕಾರು ಜಗ್ಗುತ್ತಿತ್ತು. 'ಏನ್ ಗುರುವೇ, ಜಗತ್ತಿಗೆಲ್ಲ ಡ್ರೈವಿಂಗ್ ಪರೀಕ್ಷೆ ಮಾಡೋನು, ನಿನ್ನ ಪರೀಕ್ಷೆ ಯಾರು ಮಾಡಿದ್ದು?' ಎಂದು ದಂತವೈದ್ಯ ಎರಡು ಸಲ ಕೇಳಿದ್ದ. ಎರಡನೆಯ ಸಲ ಹೆಂಡತಿ ನಕ್ಕಿರಲಿಲ್ಲ.

'ನಾನು ಹೋಗಿ ತರ್ತೀನಮ್ಮ,' ಎಂದಳು ನಾದಿನಿ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಮೂವತ್ತಾರು ವರ್ಷವಾದರೂ ಆ ಹೆಸರು ಬಿಟ್ಟಿಲ್ಲ. 'ದೋಣಿ ಹತ್ರ ಅಂಗಡಿ ಇದೆ. ಮರಿ, ಬರ್ತೀಯಾ? ದೋಣಿ ಎಷ್ಟು ಹೊತ್ತಿಗೆ ಬಿಡ್ತಾರೆ ಅಂತಾನೂ ಕೇಳ್ಕೊಂಡು ಬರೋಣ.'

'ಮುಂದಿನ ಸೀಟು ನಂದು ಚಿಕ್ಕಿ!' ಎಂದು ಮಗಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

'ನಾನು ಹೋಗ್ತೀನಿ,' ಎಂದ ಅವನು. ಅವಶ್ಯಕತೆಗಿಂತ ಗಟ್ಟಿಯಾಗಿ ಹೇಳಿದೆ ಎಂದು ಹೇಳಿದ ಮೇಲೆ ಗೊತ್ತಾಯಿತು.

'ನಿಮ್ಮ ಕಾರು ಒಳಗಡೆ ಇದೆ, ಅವಳದ್ದು ಗೇಟಲ್ಲಿದೆ,' ಎಂದಳು ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. 'ಅವಳು ತೆಗೀದೆ ನಿಮ್ಮದು ಹೊರಗೆ ಬರಲ್ಲ. ಅರ್ಧ ಲೀಟರ್ ಹಾಲಿಗೆ ಎರಡು ಕಾರು ಯಾಕ್ರೀ?'

ಎಲ್ಲ ಸರಿಯಾಗಿತ್ತು. ಉತ್ತರವಿಲ್ಲದಾಗ ಮನುಷ್ಯರು ಏನು ಮಾಡುತ್ತಾರೆ ಎಂಬುದನ್ನು ಹತ್ತೊಂಬತ್ತು ವರ್ಷಗಳಿಂದ ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತು ನೋಡಿದವನು ಅವನು: ಎಂಜಿನ್ ಬಂದ್ ಬಿದ್ದರೆ ಕ್ಲಚ್ಚಿನ ಮೇಲೆ ತಪ್ಪು ಹೊರಿಸುತ್ತಾರೆ, ಕಟ್ಟೆಗೆ ಚಕ್ರ ತಗುಲಿದರೆ ಬಿಸಿಲಿನ ಮೇಲೆ. ಅವನು ಟೈರಿನ ಮೇಲೆ ಹೊರಿಸಿದ. 'ಅವಳ ಕಾರಿನ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇರೋ ಹಾಗಿದೆ. ನಿನ್ನೆ ಹಿಂದಿಂದ ನೋಡ್ತಾ ಬಂದೆನಲ್ಲ. ಇಳಿಜಾರಲ್ಲಿ ಒಳ್ಳೇದಲ್ಲ.' ಗುಬ್ಬಿಯ ಮುಖ ಸಣ್ಣಗಾಯಿತು. 'ಶುಕ್ರವಾರ ತಾನೇ ಹಾಕಿಸಿದ್ದೆ ಭಾವ.' ದಂತವೈದ್ಯ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಎದ್ದ. ಅವನ ಚೀಲದಲ್ಲಿ ಎಲ್ಲವೂ ಇರುತ್ತದೆ, ಗಾಳಿ ಅಳೆಯುವ ಪುಟ್ಟ ಮಾಪಕವೂ ಇತ್ತು. ಎಲ್ಲರೂ ಅಂಗಳಕ್ಕೆ ಬಂದರು. ಅತ್ತೆ ಕೂಡ ಒದ್ದೆ ಕೈಯಲ್ಲಿ ಚಮಚ ಹಿಡಿದು ಬಂದರು. ದಂತವೈದ್ಯ ಕುಕ್ಕರುಗಾಲಿನಲ್ಲಿ ಕೂತು, ರೋಗಿಯ ಬಾಯಿ ನೋಡುವವನ ಗಾಂಭೀರ್ಯದಿಂದ ಒಂದೊಂದೇ ಟೈರು ಪರೀಕ್ಷಿಸಿ ಘೋಷಿಸಿದ: 'ಮೂವತ್ತೆರಡು. ಮೂವತ್ತೆರಡು. ಮೂವತ್ತೆರಡು. ಇದೂ ಮೂವತ್ತೆರಡು. ಹುಳುಕಿಲ್ಲ, ಒಸಡೂ ಗಟ್ಟಿ. ಇವನದ್ದು ಕಣ್ಣು ತೋರಿಸ್ಬೇಕು ಅಷ್ಟೆ.'

ಎಲ್ಲರೂ ನಕ್ಕರು. ಅವನೂ ನಕ್ಕ. 'ನಾನೂ ಬರ್ತೀನಿ,' ಎಂದು ಕಾರಿನ ಎಡಬಾಗಿಲು ತೆರೆದು ಕುಳಿತೇಬಿಟ್ಟ. ಮುಂದಿನ ಸೀಟು ಹೋಯಿತೆಂದು ಮಗಳು ಮುಖ ಊದಿಸಿಕೊಂಡು ಹಿಂದೆ ಹತ್ತಿದಳು. ಬಾಗಿಲು ಹಾಕುವಾಗ ಹೆಂಡತಿ ತನ್ನನ್ನೇ ನೋಡುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಗುಬ್ಬಿಗೆ ಲೈಸೆನ್ಸ್ ಸಿಕ್ಕ ಹದಿನಾಲ್ಕು ತಿಂಗಳಲ್ಲಿ ಅವಳ ಪಕ್ಕದ ಸೀಟಿನಲ್ಲಿ ಅವನು ಕೂತದ್ದು ಇದೇ ಮೊದಲು. ಮದುವೆಗೆ, ಆಸ್ಪತ್ರೆಗೆ, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಅವಳು ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ಬಸ್ಸು ಹಿಡಿದಿದ್ದ. ಅವಳು ಕೀಲಿ ತಿರುಗಿಸಿದಳು. ಅವನು ತನಗರಿವಿಲ್ಲದೆ ಬಲಗಾಲನ್ನು ಸ್ವಲ್ಪ ಮುಂದಕ್ಕೆ, ಪೆಡಲ್ ಇರಬೇಕಾದ ಜಾಗಕ್ಕೆ ಸರಿಸಿದ. ಅಲ್ಲಿ ರಬ್ಬರಿನ ಹಾಸು ಮತ್ತು ಮಗಳು ನಿನ್ನೆ ಬಿಟ್ಟುಹೋಗಿದ್ದ ಅರ್ಧ ತುಂಬಿದ ನೀರಿನ ಬಾಟಲಿ ಮಾತ್ರ ಇದ್ದವು.

ಅವಳ ಡ್ರೈವಿಂಗ್ ಪರೀಕ್ಷೆಯ ಆ ದಿನ ಮಂಗಳವಾರ. ಅಭ್ಯರ್ಥಿಗಳ ಪಟ್ಟಿಯಲ್ಲಿ ಆರನೆಯ ಹೆಸರು ಅವಳದ್ದು. ಅದೂ ಸಹೋದ್ಯೋಗಿಯ ಪಟ್ಟಿಯಲ್ಲಿ. ಆ ಸಹೋದ್ಯೋಗಿಗೆ ಜ್ವರ ಬಂದು, ಹಾಳೆ ಇವನ ಮೇಜಿಗೆ ಬಂದಿತ್ತು. ಸಂಬಂಧಿಕರಿದ್ದರೆ ಮೊದಲೇ ತಿಳಿಸಿ ಹಾಳೆ ಹಿಂದಿರುಗಿಸಬೇಕು ಎಂಬುದು ನಿಯಮ. ಹಿಂದಿರುಗಿಸಿದರೆ ಅವಳಿಗೆ ಮತ್ತೆ ಮೂರು ತಿಂಗಳು ಕಾಯಬೇಕಿತ್ತು, ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಶುಶ್ರೂಷೆ ಮಾಡುವ ನರ್ಸಿನ ಕೆಲಸ, ಲೈಸೆನ್ಸ್ ಇಲ್ಲದವರು ಅರ್ಜಿ ಹಾಕುವಂತಿರಲಿಲ್ಲ. ಅವಳು ಅದಾಗಲೇ ಮೂರು ಸಲ ಫೇಲಾಗಿದ್ದಳು. ಗಂಡನ ಮನೆಯಿಂದ ಎರಡು ಚೀಲ ಹಿಡಿದು ಬಂದವಳು. ಹತ್ತು ವರ್ಷದಲ್ಲಿ ಒಂದು ದಿನವೂ ಕಾರಿನ ಕೀಲಿಯನ್ನು ಅವಳ ಕೈಗೆ ಕೊಡದೆ, ನೆಂಟರೆದುರು 'ಇವಳಿಗೆ ಕಾರಿನ ಬಾಗಿಲು ಹಾಕೋಕೂ ಬರಲ್ಲ' ಎಂದು ನಗುತ್ತಿದ್ದ ಗಂಡ. ಆ ಊಟದ ಮೇಜುಗಳಲ್ಲಿ ಕೇಳಿಸಿಕೊಳ್ಳುತ್ತ ಅವನೂ ಇದ್ದ. ಒಮ್ಮೆ ನಕ್ಕೂ ಇದ್ದ. ಹಾಳೆಯನ್ನು ಕೈಯಲ್ಲಿ ಹಿಡಿದು, ಇವತ್ತು ಮಾತ್ರ ಪೂರ್ತಿ ಪ್ರಾಮಾಣಿಕವಾಗಿ ಪರೀಕ್ಷೆ ಮಾಡುತ್ತೇನೆ, ತಪ್ಪಿದರೆ ತಪ್ಪಿದಂತೆಯೇ ಬರೆಯುತ್ತೇನೆ, ಆಗ ನಿಯಮ ಮೀರಿದಂತೆಯೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕಾರು ಹತ್ತಿದ್ದ.

'ಭಾವ, ಸೀಟ್ ಬೆಲ್ಟ್,' ಎಂದಳು ಗುಬ್ಬಿ.

ಅವನು ಬೆಲ್ಟು ಎಳೆದುಕೊಂಡ. ಮೊದಲನೆಯ ತಿರುವು. ಅವಳು ಕನ್ನಡಿ ನೋಡಿದಳು, ಆದರೆ ತಿರುಗಲು ಶುರುಮಾಡಿದ ಮೇಲೆ: ತಪ್ಪು, ಸಣ್ಣದು. ಎರಡನೆಯ ತಿರುವಿನಲ್ಲಿ ಒಂದೇ ಕೈ, ಇನ್ನೊಂದು ಕೈ ಮಗಳಿಗೆ ಕೆರೆಯ ಮಧ್ಯದ ನಡುಗಡ್ಡೆ ತೋರಿಸುತ್ತಿತ್ತು: ತಪ್ಪು. ಕ್ಲಚ್ಚಿನ ಮೇಲಿಂದ ಎಡಗಾಲು ತೆಗೆಯುವುದೇ ಇಲ್ಲ. ಇವೆಲ್ಲ ಅವನು ದಿನಕ್ಕೆ ಹನ್ನೆರಡು ಜನರಲ್ಲಿ ನೋಡುವ ತಪ್ಪುಗಳು, ಇಂಥವರಲ್ಲಿ ಎಂಟು ಜನರನ್ನು ಪಾಸು ಮಾಡುತ್ತಾನೆ. ಇವಳು ಆ ಎಂಟರಲ್ಲಿ ಒಬ್ಬಳೋ ಉಳಿದ ನಾಲ್ವರಲ್ಲಿ ಒಬ್ಬಳೋ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಬೇರೆ ಯಾರಾಗಿದ್ದರೂ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದ. ಬೆಳಗಿನ ಪತ್ರಿಕೆಯಲ್ಲಿ ಅವನು ಮೊದಲು ಓದುವುದು ಮೂರನೆಯ ಪುಟದ ಅಪಘಾತದ ಸುದ್ದಿ. ಕಾರಿನ ಬಣ್ಣ ಬಿಳಿ ಎಂದಿದ್ದರೆ ಕೊನೆಯ ಸಾಲಿನವರೆಗೆ ಓದುತ್ತಾನೆ. ಹೆಂಡತಿ ಕೇಳಿದಾಗ, ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲವಾ ಎಂದಿದ್ದ. ಅದೂ ಸುಳ್ಳಲ್ಲ.

ಅವತ್ತು ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಅವಳು ಚೆನ್ನಾಗಿಯೇ ಓಡಿಸಿದ್ದಳು. ನಿಂತಿದ್ದ ಬಸ್ಸನ್ನು ದಾಟುವಾಗ ಅದರ ಮುಂದಿನಿಂದ ಊರುಗೋಲು ಹಿಡಿದ ಮುದುಕಿಯೊಬ್ಬಳು ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ಕಾಲಿಟ್ಟಳು. ಅವನು ಕಾದ. ಪರೀಕ್ಷಕ ಕಾಯಬೇಕು, ಕೊನೆಯ ಘಳಿಗೆಯವರೆಗೆ ಕಾಯಬೇಕು. ಗುಬ್ಬಿಯ ಕಣ್ಣು ಬಸ್ಸಿನ ಮೇಲಿತ್ತು. ಅವನ ಕಾಲು ಒತ್ತಿತು. ಪರೀಕ್ಷೆಯ ಕಾರುಗಳಲ್ಲಿ ಎಡಗಡೆಗೂ ಒಂದು ಬ್ರೇಕ್ ಇರುತ್ತದೆ, ಅದನ್ನು ಒತ್ತಿದರೆ ಗಂಟೆ ಬಾರಿಸುವಂತೆ ತಂತಿ ಜೋಡಿಸಿರುತ್ತಾರೆ. ಆ ಕಾರಿನ ತಂತಿ ಮೂರು ವಾರದ ಹಿಂದೆಯೇ ತುಂಡಾಗಿತ್ತು. ಕಾರು ನಿಂತಿತು. ಮರುಕ್ಷಣ ಅವಳ ಕಾಲೂ ತನ್ನ ಬ್ರೇಕಿನ ಮೇಲೆ ಬಿತ್ತು. ಮುದುಕಿ ಊರುಗೋಲೆತ್ತಿ ಬೈದುಕೊಂಡು ದಾಟಿಹೋದಳು. ಗುಬ್ಬಿ ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು, 'ನಿಲ್ಲಿಸಿದೆ ಅಲ್ವಾ ಭಾವ? ನಿಲ್ಲಿಸಿದೆ!' ಎಂದಳು. ಆ ಮುಖವನ್ನು ಅವನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಾಳೆಯ ಹದಿನೇಳನೆಯ ಕಲಮಿನಲ್ಲಿ ಒಂದೇ ಪ್ರಶ್ನೆ: ಪರೀಕ್ಷಕರು ಬ್ರೇಕ್ ಬಳಸಿದರೇ? ಹೌದು ಎಂದರೆ ಉಳಿದ ಹದಿನಾರು ಕಲಮುಗಳ ಅಂಕ ನೋಡುವ ಹಾಗೇ ಇಲ್ಲ. ಅವನು 'ಇಲ್ಲ' ಎಂದು ಬರೆದ.

ಮೂರನೆಯ ತಿರುವು. 'ಯಾಕೆ ಭಾವ, ಒಂದೂ ಮಾತಾಡ್ತಿಲ್ಲ?' ಎಂದಳು.

'ರಸ್ತೆ ನೋಡು.'

'ನೋಡ್ತಾನೇ ಇದೀನಿ.' ಗೇರ್ ಬದಲಿಸುತ್ತ, 'ನಿಮಗೆ ಗೊತ್ತಾ, ಎಷ್ಟೋ ಸಲ ಒಬ್ಬಳೇ ಓಡಿಸುವಾಗ ಭಯ ಆಗುತ್ತೆ. ಹೋದ ಮಳೆಗಾಲದಲ್ಲಿ ಒಂದು ದಿನ ಬ್ರೇಕೇ ಹಿಡೀತಿಲ್ಲ ಅನ್ನಿಸ್ಬಿಡ್ತು. ಆಗ ಆ ಅಜ್ಜಿನ ನೆನಪು ಮಾಡ್ಕೋತೀನಿ. ಅವತ್ತು ನಿಲ್ಲಿಸಿದೋಳು ಇವತ್ತೂ ನಿಲ್ಲಿಸ್ತೀನಿ ಅಂತ.'

ಆ ಅಜ್ಜಿಯ ಕಥೆಯನ್ನು ಅವಳು ಹೇಳದ ನೆಂಟರಿಲ್ಲ. ಮೊದಲ ಸಲ ಹೇಳಿದಾಗ ಕಾರಿಗೂ ಅಜ್ಜಿಗೂ ನಡುವೆ ಮೂರಡಿ ಇತ್ತು. ಅವಳ ದೊಡ್ಡಪ್ಪನ ಮನೆಯಲ್ಲಿ ಅದು ಒಂದು ಮೊಳವಾಯಿತು. ಈಚೆಗೆ ಒಂದು ಗೇಣಿಗೆ ಬಂದಿತ್ತು. ಅಂತರ ಕಡಿಮೆಯಾದಷ್ಟೂ ಕೇಳುವವರು ಹೆಚ್ಚು ಹೆಚ್ಚು ಉಸಿರು ಬಿಗಿಹಿಡಿಯುತ್ತಿದ್ದರು. ನಿಜವಾದ ಅಂತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದು ಗೊತ್ತಿದ್ದವನು ಅವನೊಬ್ಬನೇ. 'ಕಾಲು ತಾನೇ ಹೋಯ್ತು ನೋಡಿ, ನನಗೇ ಗೊತ್ತಿಲ್ಲ,' ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ಆಗೆಲ್ಲ ಅವನು ತಟ್ಟೆ ನೋಡುತ್ತಿದ್ದ.

ನಾಲ್ಕನೆಯ ತಿರುವಿನ ಕಲ್ಲುಗೋಡೆ ಬಂತು. ಹಾರ್ನ್ ಮಾಡು ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವಳೇ ಹಾರ್ನ್ ಮಾಡಿದಳು. ಆದರೂ ಗೋಡೆಯ ಆಚೆಯಿಂದ ಮನುಷ್ಯನ ಎತ್ತರಕ್ಕೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿದ ತಳ್ಳುಗಾಡಿಯೊಂದು ರಸ್ತೆಯ ನಡುವಿಗೇ ಬಂತು. ತಳ್ಳುವವನು ಕುರ್ಚಿಗಳ ಹಿಂದೆ ಎಲ್ಲೋ ಇದ್ದ. ಕಾರಿನೊಳಗೆ ಅವನ ಬಲಗಾಲು ಪೂರ್ತಿ ಬಲ ಹಾಕಿ ರಬ್ಬರಿನ ಹಾಸನ್ನು ಒತ್ತಿತು. ಪಟಾರನೆ ಸದ್ದಾಯಿತು. ಕಾರು ನಿಂತಿತ್ತು. ಗಾಡಿಗೂ ಕಾರಿಗೂ ನಡುವೆ ಒಬ್ಬರು ಆರಾಮವಾಗಿ ನಡೆದುಹೋಗುವಷ್ಟು ಜಾಗವಿತ್ತು. ಕುರ್ಚಿಗಳ ಹಿಂದಿನಿಂದ ಒಂದು ತಲೆ ಇಣುಕಿ, ಕೈಯೆತ್ತಿ, ಪಕ್ಕಕ್ಕೆ ಸರಿಯಿತು. ಸದ್ದಾದದ್ದು ಅವನ ಕಾಲಡಿಯಲ್ಲಿ: ನೀರಿನ ಬಾಟಲಿ ಒಡೆದು ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಹಿಂದಿನ ಸೀಟಿನಲ್ಲಿ ಮಗಳು ಹೊಟ್ಟೆ ಹಿಡಿದು ನಗತೊಡಗಿದಳು. 'ಅಪ್ಪ ಬ್ರೇಕ್ ಹಾಕ್ದ! ಚಿಕ್ಕಿ, ನೋಡು, ಅಪ್ಪ ಇಲ್ಲದಿರೋ ಬ್ರೇಕ್ ಹಾಕ್ದ! ಮನೇಲೂ ಹಾಗೇ ಮಾಡ್ತಾನೆ, ಊಟಕ್ಕೆ ಕೂತಾಗ್ಲೂ. ನೀನು ಆ ಅಜ್ಜಿ ಕಥೆ ಹೇಳ್ತೀಯಲ್ಲ, ಆಗಂತೂ ಮೇಜಿನ ಕೆಳಗೆ ನನ್ನ ಕಾಲೇ ತುಳೀತಾನೆ!'

ಗುಬ್ಬಿ ನಗಲಿಲ್ಲ. ಅವಳು ಕೆಳಗೆ, ಅವನ ಕಾಲನ್ನು ನೋಡುತ್ತಿದ್ದಳು. ಒದ್ದೆಯಾದ ಶೂ ಇನ್ನೂ ಚಪ್ಪಟೆಯಾದ ಬಾಟಲಿಯ ಮೇಲೆ ಒತ್ತಿಕೊಂಡೇ ಇತ್ತು. ತೆಗೆಯಬೇಕು ಎಂದು ಅವನಿಗೆ ಗೊತ್ತಿತ್ತು, ತೆಗೆಯಲು ಆಗಲಿಲ್ಲ. ಹಿಂದಿನಿಂದ ಇನ್ನೊಂದು ಕಾರು ಬಂದು ಹಾರ್ನ್ ಮಾಡಿತು. ಅವಳು ಗೇರ್ ಹಾಕಿದಳು. ಐದನೆಯದು, ಆರನೆಯದು, ಏಳನೆಯದು. ಮೂರೂ ತಿರುವುಗಳಲ್ಲಿ ತಿರುಗುವ ಮೊದಲೇ ಕನ್ನಡಿ ನೋಡಿದಳು, ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಮೊದಲಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಪರೀಕ್ಷೆಗೆ ಬಂದವರು ಓಡಿಸುವ ಹಾಗೆ ಓಡಿಸುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು.

ಮಗಳು ದೋಣಿಯ ವೇಳೆ ಬರೆದ ಹಲಗೆ ಓದಲು ಓಡಿದಳು. ಗುಬ್ಬಿ ಎಂಜಿನ್ ನಿಲ್ಲಿಸಿದಳು, ಇಳಿಯಲಿಲ್ಲ.

'ಆಫೀಸಿನ ಆ ಕಾರಲ್ಲಿ ನಿಮ್ಮ ಕಡೆಗೂ ಬ್ರೇಕ್ ಇತ್ತು ಅಲ್ವಾ ಭಾವ?'

'ಎಲ್ಲ ಟೆಸ್ಟ್ ಕಾರಲ್ಲೂ ಇರುತ್ತೆ.'

'ಇರುತ್ತೆ. ಗೊತ್ತು.'

ಅವನು ಮುಂದಿನ ಪ್ರಶ್ನೆಗೆ ಕಾದ. ಅದಕ್ಕೆ ಕೊಡಬಹುದಾದ ಮೂರು ಉತ್ತರಗಳನ್ನು ಸಿದ್ಧಮಾಡಿಕೊಂಡ. ಮೂರರಲ್ಲಿ ಎರಡು ಸುಳ್ಳು. ಅವಳು ಬಾಗಿಲು ತೆರೆದು ಇಳಿದು ಹಾಲಿನ ಅಂಗಡಿಯ ಕಡೆ ನಡೆದಳು. ಹಿಂದಿರುಗುವಾಗ ಮುಂದಿನ ಸೀಟಿನಲ್ಲಿ ಮಗಳು ಕುಳಿತಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಎರಡು ಗಂಟೆ ದಾಟಿತ್ತು. ಮಾಲೀಕರು ಬಾಗಿಲ ಹಿಂದೆ ಅಂಟಿಸಿದ್ದ ಹನ್ನೊಂದು ಸೂಚನೆಗಳಲ್ಲಿ ಎಂಟನೆಯದು, ಊಟದ ಮೇಜನ್ನು ಎಳೆದಾಡಬಾರದು. ಅವರು ಆಗಲೇ ಅದನ್ನು ಕಿಟಕಿಯ ಬಳಿಗೆ ಎಳೆದಿದ್ದರು. ದಂತವೈದ್ಯನಿಗೆ ಈ ಮನೆಯವರ ಕಥೆಗಳೆಲ್ಲ ಹೊಸವು. ಅವನು ಐದು ವರ್ಷ ಬೇರೆ ಊರಿನಲ್ಲಿದ್ದು ಹೋದ ತಿಂಗಳಷ್ಟೇ ಬಂದವನು. ಬಾಟಲಿಯ ಪ್ರಸಂಗವನ್ನು ಮಗಳಿಂದ ಅಭಿನಯ ಸಮೇತ ಕೇಳಿ, ಬೆಳಗಿನ ಟೈರನ್ನೂ ನೆನೆದು, 'ಒಟ್ಟಿನಲ್ಲಿ ಗುಬ್ಬಿ ಅವರ ಡ್ರೈವಿಂಗ್ ಮೇಲೆ ಇವನಿಗೆ ನಂಬಿಕೆ ಇಲ್ಲ ಅಂತಾಯ್ತು,' ಎಂದು ತೀರ್ಪು ಕೊಟ್ಟ.

'ಅಯ್ಯೋ, ಪಾಸ್ ಮಾಡಿದ್ದೇ ಅಳಿಯಂದಿರು!' ಎಂದರು ಅತ್ತೆ. 'ಗುಬ್ಬಿ, ಹಲ್ಲು ಡಾಕ್ಟ್ರಿಗೆ ಆ ಅಜ್ಜಿ ಕಥೆ ಹೇಳೇ.'

'ಈಗ ಬೇಡಮ್ಮ.'

'ಹೇಳಮ್ಮ, ಇಲ್ಲಾಂದ್ರೆ ನಾನು ಹೇಳ್ತೀನಿ, ಆಗ ಅಜ್ಜಿ ಕಾರಿನ ಕೆಳಗೇ ಹೋಗ್ತಾಳೆ,' ಎಂದು ಮಗಳು ಅತ್ತೆಯ ದನಿಯನ್ನು ಅಣಕಿಸಿದಳು. ಎಲ್ಲರೂ ನಕ್ಕರು.

ಗುಬ್ಬಿ ನೀರು ಕುಡಿದು ಲೋಟ ಕೆಳಗಿಟ್ಟಳು. ಯಾವಾಗಲೂ ಶುರುಮಾಡುವಂತೆಯೇ ಶುರುಮಾಡಿದಳು: ಹಿಂದಿನ ರಾತ್ರಿ ನಿದ್ದೆ ಬರದಿದ್ದದ್ದು, ಪಟ್ಟಿಯಲ್ಲಿ ಬೇರೆಯವರ ಹೆಸರಿದ್ದು ಕೊನೆಗೆ ಭಾವ ಕಾರು ಹತ್ತಿದ್ದು, ಗುರುತೇ ಇಲ್ಲದವರ ಹಾಗೆ 'ಎಂಜಿನ್ ಶುರು ಮಾಡಿ' ಎಂದು ಬಹುವಚನದಲ್ಲಿ ಮಾತನಾಡಿಸಿದ್ದು. ಅತ್ತೆ ಅಲ್ಲಿ ನಗುವುದು ವಾಡಿಕೆ, ನಕ್ಕರು. ನಿಂತ ಬಸ್ಸು ಬಂತು. ಊರುಗೋಲು ಬಂತು. ಮೇಜಿನ ಕೆಳಗೆ ಮಗಳು ಮುಂಜಾಗ್ರತೆಯಿಂದ ಕಾಲುಗಳನ್ನು ಹಿಂದಕ್ಕೆಳೆದುಕೊಂಡಳು. 'ಅಜ್ಜಿ ಪಟ್ಟೆ ಮೇಲೆ ಕಾಲಿಟ್ಟಳು. ನಾನು ಬಸ್ ನೋಡ್ತಾ ಇದ್ದೆ. ಅಜ್ಜಿನ ನೋಡಿರಲಿಲ್ಲ,' ಎಂದಳು ಗುಬ್ಬಿ. ಈ ಮಾತು ಕಥೆಯಲ್ಲಿ ಹಿಂದೆಂದೂ ಇರಲಿಲ್ಲ. ಅವಳು ನಿಲ್ಲಿಸಿದಳು.

'ಆಮೇಲೆ?' ಎಂದ ದಂತವೈದ್ಯ.

'ಆಮೇಲಿಂದು ಭಾವ ಹೇಳ್ತಾರೆ.'

ನಾಲ್ಕು ಮುಖಗಳು ಅವನ ಕಡೆ ತಿರುಗಿದವು. ಗುಬ್ಬಿ ಮಾತ್ರ ಲೋಟವನ್ನು ನೋಡುತ್ತಿದ್ದಳು. ಹೇಳುವುದಕ್ಕೆ ಸುಲಭವಾದ ವಾಕ್ಯವೊಂದು ಎದುರಿಗೇ ಬಿದ್ದಿತ್ತು: ಆಮೇಲೇನು, ನಿಲ್ಲಿಸಿದಳು. ಅಷ್ಟು ಹೇಳಿದ್ದರೆ ಊಟ ಮುಂದುವರಿಯುತ್ತಿತ್ತು, ನಾಲ್ಕು ಗಂಟೆಯ ದೋಣಿ ಸಿಗುತ್ತಿತ್ತು. ಬಹುಶಃ ಅವಳೂ ಅಷ್ಟನ್ನೇ ಬಯಸಿದ್ದಳೇನೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಯಾಕೆಂದರೆ ಹದಿನಾಲ್ಕು ತಿಂಗಳಿಂದ ಅವನು ಇದನ್ನೇ ಮಾಡುತ್ತ ಬಂದಿದ್ದ: ತನಗೆ ಬೇಕಾದದ್ದನ್ನು ಅವಳಿಗೆ ಬೇಕಾದದ್ದು ಎಂದು ತಿಳಿಯುವುದು.

'ಅವತ್ತು ಬ್ರೇಕ್ ಹಾಕಿದ್ದು ನಾನು,' ಎಂದ.

ದಂತವೈದ್ಯ ಮೇಜು ಗುದ್ದಿ ನಕ್ಕ. 'ನೋಡ್ರಪ್ಪಾ! ಹದಿನಾಲ್ಕು ತಿಂಗಳಾದ ಮೇಲೆ ಪಾಲು ಕೇಳೋಕೆ ಬಂದಿದಾನೆ!' ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. 'ನಿಮ್ಮ ತಮಾಷೆ ನಿಮಗೇ ಚೆಂದ ಅಳಿಯಂದಿರೇ.' ಮಗಳು, 'ಸುಳ್ಳಾ ಅಪ್ಪ?' ಎಂದಳು. ಅವನಿಗೂ ನಗು ಬಂದಂತಾಯಿತು. ತುಟಿ ಆಗಲೇ ಒಂದು ಕಡೆ ಸರಿದಿತ್ತು. ಸತ್ಯವನ್ನೂ ಹೇಳಿದ ಹಾಗಾಯಿತು, ಯಾರೂ ನಂಬಲಿಲ್ಲ, ಇನ್ನೇನು ಬೇಕು. ಗುಬ್ಬಿ ತಲೆಯೆತ್ತಿ ಅವನನ್ನು ನೋಡಿದಳು. ಮುದುಕಿ ಪಟ್ಟೆಯ ಮೇಲೆ ಕಾಲಿಟ್ಟಾಗ ಅವನು ಅವಳನ್ನು ನೋಡುತ್ತ ಕಾದಿದ್ದನಲ್ಲ, ಹಾಗೆ ಕಾಯುತ್ತಿದ್ದಳು.

'ತಮಾಷೆ ಅಲ್ಲ,' ಎಂದ. 'ನನ್ನ ಕಡೆ ಬ್ರೇಕ್ ಒತ್ತಿದ್ದು ನಾನು. ಆಮೇಲೆ ಅವಳು ಒತ್ತಿದಳು. ಗಂಟೆ ಕೆಟ್ಟಿತ್ತು, ಅದಕ್ಕೆ ಅವಳಿಗೆ ಗೊತ್ತಾಗಲಿಲ್ಲ. ಹಾಳೇಲಿ ಹದಿನೇಳನೇ ಕಲಂ ಅಂತ ಒಂದಿದೆ, ಅದರಲ್ಲಿ ಸುಳ್ಳು ಬರೆದೆ.' ವರದಿ ಒಪ್ಪಿಸುವವನ ಹಾಗೆ ತನ್ನ ದನಿ ಅವನಿಗೇ ಕೇಳಿಸಿತು. 'ಅಜ್ಜಿಗೂ ಕಾರಿಗೂ ಮಧ್ಯೆ ಇದ್ದದ್ದು ಒಂದು ಮೀಟರಿಗಿಂತ ಜಾಸ್ತಿ,' ಎಂದೂ ಸೇರಿಸಿದ. ಅದನ್ನು ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ.

ದಂತವೈದ್ಯನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಗುಬ್ಬಿಯನ್ನು ಕೇಳಿದರು: 'ಹಾಗಾದ್ರೆ ನೀನು ಪಾಸಾಗಿಲ್ವೇನೇ?'

'ಇಲ್ಲಮ್ಮ,' ಎಂದಳು ಗುಬ್ಬಿ. ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಅವನ ತಟ್ಟೆಯಲ್ಲಿ ಇನ್ನೂ ಅನ್ನವಿತ್ತು, ಅದನ್ನೂ ತೆಗೆದುಕೊಂಡಳು.

ಹೆಂಡತಿ ಅವನ ಜೊತೆ ಮಾತನಾಡಿದ್ದು ಕೋಣೆಯಲ್ಲಿ, ಬಾಗಿಲು ಹಾಕಿದ ಮೇಲೆ. 'ನನ್ನ ಹತ್ರ ಹೇಳಬಹುದಿತ್ತು. ಅಮ್ಮನ್ನ ವಾರಕ್ಕೆರಡು ಸಲ ಅದೇ ಕಾರಲ್ಲಿ ಕಳಿಸ್ತಿದ್ದೆ. ನಮ್ಮ ಮಗೂನ ಕಳಿಸ್ತಿದ್ದೆ. ನೀವು ಬಸ್ಸಲ್ಲಿ ಹೋಗ್ತಿದ್ರಿ.' ಅವಳು ದನಿ ಏರಿಸಲಿಲ್ಲ. ಮಂಚದ ಮೇಲಿದ್ದ ಮಗಳ ಬಟ್ಟೆಗಳನ್ನು ಮಡಚುತ್ತಲೇ ಹೇಳಿದಳು, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ನೀವು ಬಸ್ಸಲ್ಲಿ ಹೋಗ್ತಿದ್ರಿ. ಇದಕ್ಕಿಂತ ನಿಖರವಾಗಿ ಯಾರೂ ಅವನ ಮೇಲೆ ಆರೋಪ ಹೊರಿಸಲು ಸಾಧ್ಯವಿರಲಿಲ್ಲ. ಮಂಗಳವಾರ ಆಫೀಸಿನಲ್ಲಿ ಹೇಳುತ್ತೇನೆ ಎಂದ. ಕೆಲಸ ಹೋಗಬಹುದು ಎಂದ. ಅವಳು ಅದಕ್ಕೆ ಉತ್ತರ ಕೊಡುವ ಮೊದಲೇ ಯಾರೋ ಬಾಗಿಲು ತಟ್ಟಿದರು.

ಗುಬ್ಬಿ. ಕೈಯಲ್ಲಿ ಕಾರಿನ ಕೀಲಿ, ಮಗಳ ಚಿತ್ರದ ಪುಸ್ತಕದಿಂದ ಹರಿದ ಒಂದು ಹಾಳೆ, ಒಂದು ಪೆನ್ನು. ಅತ್ತದ್ದು ಕಾಣಿಸುತ್ತಿತ್ತು; ಮುಖ ತೊಳೆದದ್ದೂ ಕಾಣಿಸುತ್ತಿತ್ತು. ಹಾಳೆಯ ಎಡಗಡೆ ಒಂದರಿಂದ ಹದಿನೇಳರವರೆಗೆ ಅಂಕಿಗಳನ್ನು ಬರೆದಿದ್ದಳು.

'ಬನ್ನಿ ಭಾವ. ಟೆಸ್ಟ್ ತಗೊಳಿ.'

'ಗುಬ್ಬಿ, ಇದು ಲೆಕ್ಕಕ್ಕೆ ಬರಲ್ಲ. ಮಂಗಳವಾರ ನಾನು ವರದಿ ಕೊಟ್ಟ ಮೇಲೆ ಬೇರೆ ಪರೀಕ್ಷಕರ ಹತ್ರ...'

'ಅದು ಮಂಗಳವಾರದ ಮಾತು. ನನಗೆ ಬರುತ್ತೋ ಇಲ್ವೋ ಅಂತ ಇವತ್ತು ಗೊತ್ತಾಗ್ಬೇಕು. ದಿನಾ ಒಂಬತ್ತು ಮನೆಗೆ ಹೋಗ್ತೀನಿ. ಯಾರನ್ನ ನಂಬಿ ಹೋಗ್ತಿದ್ದೆ ನಾನು?'

ಅವನು ಶೂಗಳಿಗೆ ಕೈ ಹಾಕಿದ. 'ಅದು ಬೇಡ,' ಎಂದಳು. 'ಬರಿಗಾಲಲ್ಲಿ ಬನ್ನಿ.'

ಅಂಗಳದಲ್ಲಿ ದಂತವೈದ್ಯ ಮತ್ತು ಅತ್ತೆ ದೋಣಿಗೆ ಹೊರಟವರು ಹೋಗದೆ ನಿಂತಿದ್ದರು. ಯಾರೂ ತಮಾಷೆ ಮಾಡಲಿಲ್ಲ. ಅವನು ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡ. 'ಕಾಲು ಮೇಲೆ,' ಎಂದಳು. ಅವನಿಗೆ ಅರ್ಥವಾಗಲಿಲ್ಲ. 'ಚಕ್ಕಳಮಕ್ಕಳ ಹಾಕಿ ಕೂತ್ಕೊಳಿ. ಎರಡೂ ಕಾಲು ಸೀಟಿನ ಮೇಲಿರ್ಬೇಕು.' ನಲವತ್ತೇಳು ವರ್ಷದ ಮೊಣಕಾಲುಗಳನ್ನು ಒಂದೊಂದಾಗಿ ಎತ್ತಿ ಮಡಚಿ, ಪಾದಗಳನ್ನು ತೊಡೆಯಡಿ ತುರುಕಿಕೊಂಡು, ಎಲ್ಲರ ಕಣ್ಣೆದುರು ಅವನು ಕುಳಿತ. ಬಲಮೊಣಕಾಲು ಗೇರಿಗೆ ಅಡ್ಡ ಬರುತ್ತಿತ್ತು. ಅವಳು ಅದನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿದಳು, ಪೆಟ್ಟಿಗೆಯೊಂದನ್ನು ಸರಿಸುವವಳ ಹಾಗೆ.

'ಹೇಳಿ.'

'ಎಂಜಿನ್ ಶುರು ಮಾಡಿ,' ಎಂದ ಅವನು.

ಕಾರು ಗೇಟು ದಾಟಿ ಇಳಿಜಾರಿಗೆ ಬಂತು. ಕಾಲುಗಳು ತನ್ನ ಭಾರದಡಿ ಸಿಕ್ಕಿಹಾಕಿಕೊಂಡಿದ್ದವು. ಬಲಪಾದ ತೊಡೆಯನ್ನೇ ಒತ್ತುತ್ತಿತ್ತು, ಅದಕ್ಕೆ ಬೇರೆ ಒತ್ತುವುದಕ್ಕೆ ಏನೂ ಇರಲಿಲ್ಲ. ಮೊದಲ ತಿರುವಿನಲ್ಲಿ ಕನ್ನಡಿ, ಸರಿ. ಎರಡನೆಯದರಲ್ಲಿ ವೇಗ ಸ್ವಲ್ಪ ಹೆಚ್ಚು, ಬರೆದುಕೊಂಡ. 'ಏನ್ ಬರೆದ್ರಿ?' 'ವೇಗ.' 'ಸರಿ.' ನಾಲ್ಕನೆಯ ತಿರುವಿನ ಗೋಡೆ ಹತ್ತಿರವಾದಾಗ ಅವನು ಕಣ್ಣು ಮುಚ್ಚಿಕೊಂಡ. 'ಕಣ್ಣು ತೆಗೀರಿ ಭಾವ,' ಎಂದಳು ಅವಳು, ರಸ್ತೆಯಿಂದ ದೃಷ್ಟಿ ಕದಲಿಸದೆ. ಹಾರ್ನ್ ಮಾಡಿ, ಎರಡನೆಯ ಗೇರಿಗೆ ಇಳಿಸಿ, ಗೋಡೆಗೆ ಒತ್ತಿ ತಿರುಗಿದಳು. ಆಚೆ ಏನೂ ಇರಲಿಲ್ಲ. ಖಾಲಿ ರಸ್ತೆ, ಒಂದೆಡೆ ಬಿದ್ದಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ.

ದೋಣಿಕಟ್ಟೆಯಲ್ಲಿ ಹಿಮ್ಮುಖವಾಗಿ ತಿರುಗಿಸಿದಳು. ಹತ್ತುವಾಗ, ಐದನೆಯ ತಿರುವಿನ ಕಡಿದಾದ ಜಾಗದಲ್ಲಿ, ನಿಲ್ಲಿಸಿ ಎಂದ. ನಿಲ್ಲಿಸಿದಳು. ಹೊರಡಿ ಎಂದ. ಎಂಜಿನ್ ಗುಡುಗಿತು, ಕಾರು ಒಂದಿಷ್ಟು ಹಿಂದಕ್ಕೆ ಜಾರಿತು. ಅವನ ಬಾಯಿಂದ ಸದ್ದೊಂದು ಹೊರಬಂತು. ಕಾಲು ಮೇಲೇಳಲು ನೋಡಿ ತೊಡೆಯಡಿಯೇ ಒದ್ದಾಡಿತು. ಕಾರು ಮುಂದಕ್ಕೆ ಹೊರಟಿತು.

'ಹಿಂದೆ ಹೋಯ್ತು ಅಲ್ವಾ?'

'ಹೋಯ್ತು.'

'ಎಷ್ಟು?'

'ಒಂದು ಗೇಣು.'

'ನನ್ನ ಗೇಣಾ, ನಿಮ್ಮ ಗೇಣಾ?'

'ಸರಿಯಾದ ಗೇಣು,' ಎಂದ. ಹನ್ನೆರಡನೆಯ ಅಂಕಿಯ ಮುಂದೆ ಒಂದು ತಪ್ಪು ಎಂದು ಬರೆದ. ಅವಳು ತಲೆಯಾಡಿಸಿದಳು.

ಅಂಗಳದಲ್ಲಿ ಎಂಜಿನ್ ನಿಂತ ಮೇಲೆ ಅವನು ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ತಪ್ಪುಗಳನ್ನು ಎಣಿಸಿದ. ಆರು. ಒಂಬತ್ತರವರೆಗೆ ಪಾಸು. ಎರಡು ಸಲ ಎಣಿಸಿದ. ಹದಿನೇಳರ ಮುಂದೆ ಖಾಲಿಯಿತ್ತು. ಅಲ್ಲಿ 'ಇಲ್ಲ' ಎಂದು ಬರೆದ. ಹದಿನಾಲ್ಕು ತಿಂಗಳ ಹಿಂದೆ ಬರೆದದ್ದೂ ಇದೇ ಎರಡಕ್ಷರ. ಗುಬ್ಬಿ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡಳು.

'ಮಂಗಳವಾರ ಎಷ್ಟು ಗಂಟೆಗೆ ಆಫೀಸು?'

'ಹತ್ತಕ್ಕೆ.'

'ನಾನೂ ಬರ್ತೀನಿ. ಲೈಸೆನ್ಸ್ ನಾನೇ ಅವರ ಕೈಗೆ ಕೊಡ್ತೀನಿ. ಬಸ್ಸಲ್ಲಿ ಬರ್ತೀನಿ.' ಕೀಲಿಯನ್ನು ಸೀಟಿನ ಮೇಲೆ ಬಿಟ್ಟು ಇಳಿದಳು. 'ನಾಳೆ ವಾಪಸ್ ಹೋಗುವಾಗ ಈ ಕಾರು ಅಕ್ಕ ಓಡಿಸ್ಲಿ.'

ಮೆಟ್ಟಿಲ ಮೇಲೆ ಮಗಳು, 'ಚಿಕ್ಕಿ, ಪಾಸಾ?' ಎಂದು ಕೂಗಿ ಕೇಳಿದಳು. ಗುಬ್ಬಿ ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದಳು. ಏನು ಹೇಳಿದಳೋ ಅವನಿಗೆ ಕೇಳಿಸಲಿಲ್ಲ. ಅವನು ಬಾಗಿಲು ತೆರೆದು ಎರಡೂ ಕಾಲುಗಳನ್ನು ಕೈಯಿಂದಲೇ ಎತ್ತಿ ಹೊರಗೆ ಬಿಟ್ಟ. ಜೋಮು ಹಿಡಿದಿತ್ತು. ಪಾದಗಳು ನೆಲಕ್ಕೆ ತಗುಲಿದ್ದು ಕಣ್ಣಿಗೆ ಕಂಡಿತು, ಆದರೆ ನೆಲ ಇದೆಯೆಂದು ಅವಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ಅಂಗಳದಲ್ಲಿದ್ದವರೆಲ್ಲ ಒಳಗೆ ಹೋಗಿಯಾಗಿತ್ತು. ಎದ್ದರೆ ಬೀಳುತ್ತೇನೆ ಎಂದು ತಿಳಿದು, ಬಾಗಿಲ ಅಂಚು ಹಿಡಿದುಕೊಂಡು, ಅವನು ಕಾಲಿಗೆ ರಕ್ತ ಮರಳುವುದನ್ನು ಕಾಯುತ್ತ ಕುಳಿತ.